ತಂಬೂರಿ ನುಂಗಿದ ಮೈಕು: ಎರಡು ಬೇಸಿಗೆ ಬಳಸಿದ ಮೇಲೆ ಬರೆಯುತ್ತಿರುವುದು

ಮೊದಲೇ ಹೇಳಿಬಿಡುತ್ತೇನೆ. ಈ ಮೈಕ್ ಜೋಡಿ ಇವತ್ತಿಗೂ ನನ್ನ ಚೀಲದಲ್ಲಿದೆ, ಮುಂದೆಯೂ ಇರುತ್ತದೆ. ಆದರೆ ಅದರ ಮೈಮೇಲಿರುವ ಒಂದು ಗುಂಡಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಬರೆಯಲು ಕೂತಿದ್ದೇ ಅದಕ್ಕೆ.

ವಸ್ತು ನಿಮಗೆ ಗೊತ್ತಿರುವಂಥದ್ದೇ. ಬಟ್ಟೆಗೆ ಸಿಕ್ಕಿಸುವ ವೈರ್‌ಲೆಸ್ ಮೈಕು ಎರಡು, ಫೋನಿನ ಚಾರ್ಜಿಂಗ್ ಜಾಗಕ್ಕೆ ಹಾಕುವ ಪುಟ್ಟ ರಿಸೀವರು, ಮೂರನ್ನೂ ಇಟ್ಟು ಚಾರ್ಜ್ ಮಾಡುವ ಡಬ್ಬಿ. ಹತ್ತು ಸಾವಿರದೊಳಗೆ ಬಂತು. ಅದಕ್ಕಿಂತ ಹೆಚ್ಚು ಹಾಕುವ ಶಕ್ತಿ ನನ್ನ ಸಂಬಳಕ್ಕಿಲ್ಲ. ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ನನ್ನ ತಕರಾರು ಒಂದು ಕಂಪನಿಯ ಮೇಲಲ್ಲ. ಈ ದರದ ಬೇರೆ ಸೆಟ್‌ಗಳಲ್ಲೂ ಇಂಥದೇ ಗುಂಡಿ ನೋಡಿದ್ದೇನೆ. ಎಷ್ಟು ಮೀಟರ್ ಹೋಗುತ್ತದೆ, ಎಷ್ಟು ಗಂಟೆ ಬರುತ್ತದೆ ಅನ್ನುವುದೆಲ್ಲ ಡಬ್ಬಿಯ ಮೇಲೇ ಇರುತ್ತದೆ, ಓದಿಕೊಳ್ಳಿ.

ನಾನಿರುವುದು ಕೊಪ್ಪಳದಲ್ಲಿ. ಶಾಲೆಗೆ ರಜೆ ಇದ್ದ ದಿನ ಸ್ಕೂಟಿ ಹತ್ತಿ ಹೊರಡುತ್ತೇನೆ, ದೂರ ಇದ್ದರೆ ಬಸ್ಸು. ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರ ಮನೆ, ಬಳ್ಳಾರಿ ಕಡೆಯ ಬಯಲಾಟದ ಮಾಸ್ತರರ ಪಡಸಾಲೆ, ರಾಯಚೂರು ಜಿಲ್ಲೆಯ ತತ್ವಪದಕಾರರ ಕಟ್ಟೆ. ಕೂತು ಮಾತಾಡಿಸಿ, ಅದನ್ನೇ ಪಾಡ್‌ಕಾಸ್ಟ್ ಮಾಡುತ್ತೇನೆ. ಪ್ರಶ್ನೆಪತ್ರಿಕೆ ಹಿಡಿದುಕೊಂಡು ಹೋಗುವ ಸಂದರ್ಶನ ಅಲ್ಲ ಅದು. ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮ 2014ರಲ್ಲಿ ತೀರಿಕೊಂಡರು. ಓದುಬರಹ ಕಲಿಯದ ಆ ತಾಯಿಯ ಬಾಯಲ್ಲಿದ್ದ ಕಾವ್ಯವನ್ನು ವಿದ್ವಾಂಸರು ಬರೆದುಕೊಂಡು ಪುಸ್ತಕ ಮಾಡಿದರು, ದೊಡ್ಡ ಕೆಲಸ ಅದು. ಆದರೆ ಹಾಡಿನ ನಡುವೆ ನೀರು ಕುಡಿಯುತ್ತ ಆಡಿದ ಮಾತು, ಮೊಮ್ಮಕ್ಕಳನ್ನು ಗದರಿಸಿದ್ದು, ಮರೆತ ಸಾಲನ್ನು ಹುಡುಕುತ್ತ ಗುನುಗಿದ್ದು, ಇವು ಪುಸ್ತಕಕ್ಕೆ ಬರುವುದಿಲ್ಲ. ನನಗೆ ಬೇಕಾಗಿರುವುದು ಅದೇ. ನಮ್ಮ ಮೊರನಾಳದ ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅಂಥ ವಿದ್ಯೆ ಇಟ್ಟುಕೊಂಡ ಮನೆಗಳು ಈ ಮೂರು ಜಿಲ್ಲೆಯಲ್ಲಿ ಇನ್ನೂ ಇವೆ, ಯಾರಾದರೂ ಹೋಗಿ ಕೂತು ಕೇಳಬೇಕು ಅಷ್ಟೇ.

ಇಂಥ ಕೆಲಸಕ್ಕೆ ಈ ಮೈಕು ಎಷ್ಟು ಚೆನ್ನಾಗಿ ಒದಗಿತು ಅನ್ನುವುದನ್ನು ಮನಸಾರೆ ಹೇಳಬೇಕು. ಮುಂಚೆ ಸ್ಟ್ಯಾಂಡಿನ ಮೈಕು ಒಯ್ಯುತ್ತಿದ್ದೆ. ಅದನ್ನು ನೋಡಿದ ಕೂಡಲೇ ಹಿರಿಯರು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಭಾಷಣದ ಕನ್ನಡಕ್ಕೆ ಇಳಿದುಬಿಡುತ್ತಿದ್ದರು. ಅಲ್ಲಿಯವರೆಗೆ ‘ನಮ್ಮಪ್ಪ ಬಾಳ ಬಡೀತಿದ್ದ ಬಿಡ್ರಿ’ ಅಂತ ನಗುತ್ತಿದ್ದವರು ‘ನನ್ನ ತಂದೆಯವರು ಶಿಸ್ತಿನ ವ್ಯಕ್ತಿಯಾಗಿದ್ದರು’ ಅಂತ ಶುರು ಮಾಡುತ್ತಿದ್ದರು. ಈ ಕ್ಲಿಪ್ ಮೈಕು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಸೆರಗಿಗೋ ಅಂಗಿಯ ಗುಂಡಿಯ ಹತ್ತಿರಕ್ಕೋ ಸಿಕ್ಕಿಸಿ ಚಹಾ ಬರುವಷ್ಟರಲ್ಲಿ ಮರೆತೇಬಿಡುತ್ತಾರೆ.

ಮರೆತು ಎದ್ದು ಹೋಗುತ್ತಾರೆ ಕೂಡ. ಕಿನ್ನಾಳದ ಒಂದು ಮನೆಯಲ್ಲಿ ಮಾತಾಡುತ್ತ ಮಾತಾಡುತ್ತ ಆ ತಾಯಿ ಎದ್ದು ಅಡುಗೆಮನೆಗೆ ನಡೆದರು. ನಾನು ಹೊರಗೆ ಗೊಂಬೆಗಳ ಮುಂದೆ ಕೂತಿದ್ದೇನೆ, ಕಿವಿಯಲ್ಲಿ ಅವರ ಧ್ವನಿ ಒಳಗಿನಿಂದ ಸ್ಪಷ್ಟವಾಗಿ ಬರುತ್ತಿದೆ: ‘ಹುಣಸಿಬೀಜ ರಾತ್ರಿ ನೆನಿ ಇಡಬೇಕ್ರಿ, ಆಮ್ಯಾಲೆ ರುಬ್ಬೂದು, ಕುದಿಸೂದು. ಕೈ ಬಿಟ್ರ ತಳ ಹಿಡೀತೈತಿ.’ ಆ ಅಂಟಿಗೆ ಮರದ ಪುಡಿ ಕೂಡಿಸಿದರೆ ಕಿಟ್ಟ. ಹಗುರಾದ ಪೊಳಕಿ ಮರದಲ್ಲಿ ಕೆತ್ತಿದ ಕೈಕಾಲುಗಳನ್ನು ಮೈಗೆ ಕೂಡಿಸುವುದು, ಸಂದು ಮುಚ್ಚುವುದು ಅದರಿಂದಲೇ. ಹಿಂದೆ ಅವರ ಗಂಡ ಅರ ಹಿಡಿದು ಗರುಡನ ರೆಕ್ಕೆ ಉಜ್ಜುತ್ತಿದ್ದ ಸದ್ದು ತೆಳುವಾಗಿ ಕೇಳುತ್ತಿತ್ತು. ಸ್ಟ್ಯಾಂಡಿನ ಮೈಕಿದ್ದರೆ ಅಡುಗೆಮನೆಯ ಆ ಮಾತು ನನಗೆ ಸಿಗುತ್ತಲೇ ಇರಲಿಲ್ಲ. ಕೊಟ್ಟ ದುಡ್ಡು ಅವತ್ತೇ ವಸೂಲಾಯಿತು.

ಹೊರಡುವ ಮುಂಚಿನ ತಯಾರಿಯೂ ಈಗ ನನಗೆ ಇಷ್ಟದ ಕೆಲಸ. ಹಿಂದಿನ ರಾತ್ರಿ ಡಬ್ಬಿ ಚಾರ್ಜಿಗೆ. ಫೋನಿನಲ್ಲಿ ಜಾಗ ಖಾಲಿ ಮಾಡುವುದು: 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಎರಡು ಮೈಕನ್ನೂ ಬೇರೆ ಬೇರೆ ಚಾನೆಲ್‌ಗೆ ಬಿಟ್ಟರೆ ಗಂಟೆಗೆ ಒಂದು ಜಿಬಿ ತಿನ್ನುತ್ತದೆ. ಬೇರೆ ಬೇರೆಯಾಗಿ ತುಂಬುವುದನ್ನು ಮಾತ್ರ ಬಿಡಬೇಡಿ. ಅವರು ಹಾಡುವಾಗ ನನಗೆ ಕೆಮ್ಮು ಬಂದರೆ ನನ್ನ ಸಾಲಿನಲ್ಲಿ ಮಾತ್ರ ಕತ್ತರಿಸಿದರಾಯಿತು. ಅವರ ಮನೆಗೆ ಹೋದಮೇಲೆ ಮೊದಲು ಫೋನ್ ಏರೋಪ್ಲೇನ್ ಮೋಡಿಗೆ. ಆಮೇಲೆ ತಾಳಿಸರ, ಬೋರಮಾಳ ಎಲ್ಲಿ ಓಲಾಡುತ್ತವೆ ನೋಡಿಕೊಂಡು, ಅವು ತಾಗದ ಕಡೆ, ಗದ್ದದಿಂದ ಒಂದು ಗೇಣು ಕೆಳಗೆ ಮೈಕು. ಗರಿಗರಿ ಇಳಕಲ್ ಸೀರೆಯಾದರೆ ಸೆರಗಿಗಿಂತ ಕುಪ್ಪಸದ ಅಂಚು ಒಳ್ಳೆಯದು. ಒಗ್ಗರಣೆ ಮಿರ್ಚಿ ತಿಂದು ಮುಗಿಯುವವರೆಗೆ ರೆಕಾರ್ಡ್ ಹಚ್ಚುವುದಿಲ್ಲ. ಬಳ್ಳಾರಿ ಕಡೆ ಇದನ್ನು ತಪ್ಪಿಸಿಕೊಳ್ಳಲು ಆಗುವುದೂ ಇಲ್ಲ, ತಪ್ಪಿಸಿಕೊಳ್ಳಬಾರದು ಕೂಡ.

ಈಗ ಆ ಗುಂಡಿಯ ವಿಷಯ.

ಮೈಕಿನ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇದೆ. ಒತ್ತಿದರೆ ದೀಪ ನೀಲಿಯಿಂದ ಹಸಿರಾಗುತ್ತದೆ, ‘ನಾಯ್ಸ್ ಕ್ಯಾನ್ಸಲಿಂಗ್’, ಅಂದರೆ ಮಾತು ಬಿಟ್ಟು ಸುತ್ತಲಿನ ಸದ್ದನ್ನು ಅಳಿಸುವ ಕೆಲಸ, ಶುರುವಾಗುತ್ತದೆ. ರಸ್ತೆಯಲ್ಲಿ ನಿಂತು ರೀಲ್ಸ್ ಮಾಡುವವರಿಗೆ ಅದು ವರ. ನನಗೆ ಅದು ಏನು ಮಾಡಿತು ಅನ್ನುವುದು ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ಗೊತ್ತಾಯಿತು. ಎಂಬತ್ತು ದಾಟಿದ ಅಜ್ಜ, ತಂಬೂರಿ ಹೆಗಲಿಗೆ ಆನಿಸಿಕೊಂಡು ಹಾಡಿದರು, ನಡುನಡುವೆ ಪದದ ಅರ್ಥ ಬಿಡಿಸಿದರು. ಮಾತಾಡುವಾಗಲೂ ಅವರ ಬೆರಳು ತಂತಿ ಬಿಡಲಿಲ್ಲ. ಮುಗಿದ ಮೇಲೆ ಅವರಿಗೇ ಮೊದಲು ಕೇಳಿಸುವುದು ನನ್ನ ಪದ್ಧತಿ. ಇಯರ್‌ಫೋನ್ ಕಿವಿಗೆ ಹಚ್ಚಿ ಕೊಟ್ಟೆ. ಸ್ವಲ್ಪ ಹೊತ್ತು ಕೇಳಿ, ತೆಗೆದು ನನ್ನ ಮುಖ ನೋಡಿದರು. ‘ಅಲ್ಲವ್ವಾ, ನನ್ನ ತಂಬೂರಿ ಎಲ್ಲಿ ಹೋತು? ಇದ್ರಾಗ ಬರೇ ನನ್ನ ಒಣಾ ಧ್ವನಿ ಐತಲ್ಲ.’

ನಿಜ. ತಂಬೂರಿ ಇರಲಿಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವರು ಬಾಯಿ ತೆರೆದಾಗ ಧ್ವನಿಯ ಬೆನ್ನಿಗೆ ತಂಬೂರಿಯ ಒಂದು ಎಳೆ ತೂರಿ ಬರುತ್ತಿತ್ತು, ಬಾಯಿ ಮುಚ್ಚಿದ ಕೂಡಲೇ ಸತ್ತುಹೋಗುತ್ತಿತ್ತು. ಎರಡು ಸಾಲಿನ ನಡುವೆ ಶ್ರುತಿ ತುಂಬಿಕೊಂಡಿರಬೇಕಾದ ಜಾಗ ಪೂರ್ತಿ ಬರಿದು. ಉಸಿರು ಎಳೆದುಕೊಂಡದ್ದೂ ಇಲ್ಲ. ಧ್ವನಿ ನೀರೊಳಗಿನಿಂದ ಬಂದ ಹಾಗೆ.

ಕಾರಣ ತಿಳಿದುಕೊಂಡ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ಮಾತು ಗಳಿಗೆಗೊಮ್ಮೆ ಏರಿಳಿಯುತ್ತದೆ, ಬದಲಾಗುತ್ತದೆ. ಫ್ಯಾನು, ಏಸಿ, ಜನರೇಟರು ಒಂದೇ ಸಮ ಹೊಡೆದುಕೊಳ್ಳುತ್ತವೆ. ಈ ಯಂತ್ರದ ಲೆಕ್ಕ ನಿಂತಿರುವುದು ಅಲ್ಲೇ: ಬದಲಾಗದೆ ಒಂದೇ ಸಮ ಬರುವುದೆಲ್ಲ ಬೇಡದ್ದು, ಅಳಿಸು. ಒಂದೇ ಸಮ ನಿಲ್ಲುವುದೇ ತಂಬೂರಿಯ ಕೆಲಸ. ಹಾರ್ಮೋನಿಯಂ ಶ್ರುತಿಗೂ ಇದೇ ಗತಿ. ಅರದ ಸದ್ದು ಅರ್ಧ ಹೋಗುತ್ತದೆ, ರೊಟ್ಟಿ ಬಡಿಯುವ ಸದ್ದು ತುಂಡು ತುಂಡಾಗಿ ಬರುತ್ತದೆ. ಮತ್ತೆ, ಹೀಗೆ ಅಳಿಸಿದ್ದನ್ನು ಮರಳಿ ಪಡೆಯುವ ದಾರಿಯೇ ಇಲ್ಲ. ಫೋನಿಗೆ ಬರುವ ಹೊತ್ತಿಗೇ ಅದು ಹೋಗಿರುತ್ತದೆ, ಮೂಲ ಪ್ರತಿ ಎಲ್ಲೂ ಉಳಿದಿರುವುದಿಲ್ಲ.

ನನಗೆ ತಡೆಯಲಾಗದ್ದು ಇದು: ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಂದ ಮೇಲೆ ಈ ಸೌಲಭ್ಯ ತಾನೇ ಆನ್ ಆಗಿಯೇ ಏಳುತ್ತದೆ. ಆಫ್ ಮಾಡಿದ್ದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಡಬ್ಬಿಯಿಂದ ತೆಗೆದಾಗಲೆಲ್ಲ ಹಸಿರು. ಗ್ರಾಹಕ ಸೇವೆಗೆ ಬರೆದೆ. ‘ಇದು ದೋಷವಲ್ಲ, ಬಳಕೆದಾರರ ಅನುಕೂಲಕ್ಕಾಗಿ ಮಾಡಿದ ಬದಲಾವಣೆ’ ಅಂತ ಉತ್ತರ ಬಂತು. ಯಾವ ಬಳಕೆದಾರರು? ಮನೆಗಳಿಗೆ ಹೋಗಿ ಮಂದಿಯ ಬದುಕು ದಾಖಲಿಸುವವರೂ ದುಡ್ಡು ಕೊಟ್ಟೇ ಕೊಂಡಿದ್ದೇವೆ. ಅಜ್ಜನ ಆ ಹಾಡು ಮತ್ತೊಮ್ಮೆ ತುಂಬಿಕೊಂಡೆ, ಅವರು ಬೇಸರ ಮಾಡದೆ ಹಾಡಿದರು. ಆದರೆ ಮೊದಲ ಸಲ ಬಿಡಿಸಿದ ಅರ್ಥವನ್ನು ಎರಡನೇ ಸಲ ಹಾಗೇ ಬಿಡಿಸಲಿಲ್ಲ. ಯಾರೂ ಬಿಡಿಸುವುದಿಲ್ಲ.

ನೀವು ಕೇಳಬಹುದು, ನಮ್ಮ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳು ಫ್ಯಾನ್ ಇಲ್ಲದೆ ಕೂರುವುದು ಹೇಗೆ, ಆ ಸದ್ದಿಗಾದರೂ ಈ ಗುಂಡಿ ಬೇಡವೇ ಅಂತ. ನ್ಯಾಯವಾದ ಪ್ರಶ್ನೆ. ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿದಾಗ ಎಂಬತ್ತು ವರ್ಷದವರಿಗೆ ಫ್ಯಾನ್ ಆರಿಸಿ ಅಂತ ನಾನು ಹೇಳುವುದಿಲ್ಲ. ಅದರ ಬದಲು ಮಾತು ಶುರುವಾಗುವ ಮುಂಚೆ ಎಲ್ಲರೂ ಅರ್ಧ ನಿಮಿಷ ಸುಮ್ಮನಿರೋಣ ಅಂತ ಕೇಳಿಕೊಳ್ಳುತ್ತೇನೆ. ಫ್ಯಾನಿನ ಸದ್ದೊಂದೇ ರೆಕಾರ್ಡ್ ಆಗುತ್ತದೆ. ಮನೆಗೆ ಬಂದು, ಧ್ವನಿ ತಿದ್ದುವ ಆಡಾಸಿಟಿಯಲ್ಲಿ ಆ ಅರ್ಧ ನಿಮಿಷವನ್ನೇ ಮಾದರಿಯಾಗಿ ತೋರಿಸಿ, ಬರೀ ಮಾತಿರುವ ಕಡೆ ಅಷ್ಟಿಷ್ಟು ಇಳಿಸುತ್ತೇನೆ, ಹಾಡಿರುವ ಕಡೆ ಮುಟ್ಟುವುದಿಲ್ಲ. ಪುಕ್ಕಟೆ ಸಾಫ್ಟ್‌ವೇರು ಅದು. ಎಷ್ಟು ಇಳಿಸಬೇಕು ಅನ್ನುವ ತೀರ್ಮಾನ ನನ್ನ ಕೈಯಲ್ಲಿರುತ್ತದೆ, ತಪ್ಪೆನಿಸಿದರೆ ಮೂಲ ಪ್ರತಿಗೆ ಮರಳಬಹುದು. ಬೆಳಿಗ್ಗೆ ಎಂಟರೊಳಗೆ ಹೋದರೆ ಫ್ಯಾನಿನ ಪ್ರಶ್ನೆಯೇ ಬರುವುದಿಲ್ಲ, ಅದಿನ್ನೂ ಒಳ್ಳೆಯದು.

ಕೋಣೆಯ ಬಗ್ಗೆ ಒಂದು ಮಾತು. ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆ ಸಿಕ್ಕರೆ ಬೇರೇನೂ ಬೇಡ, ಧ್ವನಿ ಅಷ್ಟು ಚಂದ ಕೂರುತ್ತದೆ. ಟೈಲ್ಸ್ ಹಾಕಿದ ಆರ್‌ಸಿಸಿ ಕೋಣೆಯಲ್ಲಿ ಪ್ರತಿ ಮಾತೂ ಗೋಡೆಗೆ ಬಡಿದು ಎರಡೆರಡಾಗಿ ಬರುತ್ತದೆ. ಅಂಥ ಕಡೆ ಮನೆಯಲ್ಲಿರುವ ಕೌದಿಗಳನ್ನೇ ಕೇಳಿ ಪಡೆದು, ಒಂದು ಕೆಳಗೆ ಹಾಸಿ, ಎರಡು ಅವರ ಎದುರಿನ ಬಾಗಿಲಿಗೆ ಇಳಿಬಿಡುತ್ತೇನೆ. ಕೌದಿ ಹೊಲಿದವರು ಯಾರು ಅನ್ನುವಲ್ಲಿಂದ ಎಷ್ಟೋ ಸಲ ಮಾತು ಶುರುವಾಗಿದೆ.

ಉಳಿದದ್ದು ಬೇಗ ಮುಗಿಸುತ್ತೇನೆ. ಈ ಸೆಟ್ಟಿನ ಮೈಕು 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ, ಮೈಯಲ್ಲಿನ ನೀರು ಆ ತರಂಗವನ್ನು ಹೀರಿಕೊಳ್ಳುತ್ತದೆ. ಅವರು ನನ್ನ ಕಡೆ ಬೆನ್ನು ಮಾಡಿ ದೂರ ನಡೆದರೆ ಮಾತು ಕಡಿದು ಕಡಿದು ಬರುತ್ತದೆ, ಆದ್ದರಿಂದ ಫೋನನ್ನು ಅಡುಗೆಮನೆ ಕಾಣುವ ಕಡೆ ಇಡಿ. ಸ್ಕೂಟಿಯ ಡಿಕ್ಕಿಯಲ್ಲಿ ಬೇಸಿಗೆ ಮಧ್ಯಾಹ್ನ ಇಟ್ಟರೆ ಡಬ್ಬಿ ಕಾದು ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ. ಲಿಥಿಯಂ ಬ್ಯಾಟರಿಗೆ 45 ಡಿಗ್ರಿ ಮೇಲೆ ಚಾರ್ಜ್ ಮಾಡುವುದು ಒಳ್ಳೆಯದಲ್ಲ, ಅದು ನಿಲ್ಲಿಸುವುದೇ ಸರಿ. ನಾನು ಹೆಗಲ ಚೀಲದಲ್ಲೇ ಒಯ್ಯುತ್ತೇನೆ. ಕ್ಲಿಪ್ಪಿನ ಜೊತೆ ಬರುವ ಅಯಸ್ಕಾಂತ ಜೋರಾಗಿದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಅದನ್ನು ಎದೆಯ ಮೇಲೆ ಹಚ್ಚಬಾರದು. ಹಿರಿಯರ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಕೇಳಿಯೇ ಮುಂದುವರಿಯಬೇಕು.

ಸಿಟ್ಟು ಸ್ವಲ್ಪ ಇಳಿಸಿದ್ದು ಇನ್ನೊಂದು ಗುಂಡಿ, ಮ್ಯೂಟಿನದು. ಶುರುವಿಗೇ ಅವರ ಬೆರಳು ಹಿಡಿದು ತೋರಿಸಿಕೊಡುತ್ತೇನೆ: ‘ಇದನ್ನ ಒತ್ತಿದ್ರ ನಿಮ್ಮ ಮಾತು ನನಗ ಬರಂಗಿಲ್ಲ, ಮತ್ತ ಒತ್ತಿದ್ರ ಬರತೈತಿ.’ ಮನೆಯ ವ್ಯಾಜ್ಯ ಬಂದಾಗ, ದೇವರ ಮುಂದೆ ಮಾತ್ರ ಹಾಡುವ ಪದ ಬಂದಾಗ ಅವರೇ ಒತ್ತುತ್ತಾರೆ. ಆ ಹಿಡಿತ ಕೈಯಲ್ಲಿರುವುದರಿಂದಲೇ ಉಳಿದ ಮಾತನ್ನು ಅಳುಕದೆ ಆಡುತ್ತಾರೆ ಅನ್ನುವುದು ನನ್ನ ಅನುಭವ. ಎಷ್ಟೋ ದುಬಾರಿ ಮೈಕಿನಿಂದ ಆಗದ ಕೆಲಸ ಅದು.

ಎರಡೇ ಮೈಕು ಸಾಲದ ದಿನಗಳಿವೆ. ಬಯಲಾಟದ ಮಾಸ್ತರರ ಜೊತೆ ಹಾರ್ಮೋನಿಯಂನವರೂ ಕೂತರೆ, ಅವರ ಮುಂದೆ ಮನೆಯವರದೇ ಒಂದು ಫೋನ್ ಇಟ್ಟು ಅದರಲ್ಲೂ ರೆಕಾರ್ಡ್ ಹಚ್ಚುತ್ತೇನೆ. ಎರಡೂ ಶುರುವಾದ ಮೇಲೆ ಜೋರಾಗಿ ಒಂದು ಚಪ್ಪಾಳೆ. ಆ ಚಪ್ಪಾಳೆಯ ಗುರುತು ನೋಡಿ ಎರಡು ಫೈಲ್ ಕೂಡಿಸಬಹುದು. ಎರಡು ಫೋನಿನ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ಹೊತ್ತು ಹೋದಂತೆ ಹಿಂದುಮುಂದಾಗುತ್ತವೆ. ಅದಕ್ಕೆ ಅರ್ಧ ಗಂಟೆಗೊಮ್ಮೆ ಮತ್ತೊಂದು ಚಪ್ಪಾಳೆ ಹೊಡೆದಿಟ್ಟುಕೊಳ್ಳಿ.

ಕೊಳ್ಳುವ ಮನಸ್ಸಿದ್ದರೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಿ, ಮೈಕನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿ, ಮತ್ತೆ ತೆಗೆಯಿರಿ. ಆಫ್ ಮಾಡಿದ್ದು ಹಾಗೇ ಉಳಿದಿದ್ದರೆ ತಗೊಳ್ಳಿ. ತಾನೇ ಮತ್ತೆ ಆನ್ ಆಗಿದ್ದರೆ ಅಲ್ಲೇ ಬಿಟ್ಟು ಪಕ್ಕದ ಸೆಟ್ ತೋರಿಸಿ ಅನ್ನಿ.