ಕಾಪರ್-ಟಿಗೆ ‘ಕ್ಯಾಶ್‌ಲೆಸ್ ಆಗತ್ತೆ’ ಅಂದ್ರೆ ನಂಬಲೇಬೇಡಿ

ಕಾಪರ್-ಟಿ (ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡೋ ತಾಮ್ರದ ಸಾಧನ) ಹಾಕಿಸ್ಕೊಳ್ಳೋಕೆ ಪ್ರೈವೇಟ್ ಆಸ್ಪತ್ರೆಗೆ ಹೊರಟಿರೋರು ಇದನ್ನ ಓದ್ಕೊಂಡು ಹೋಗಿ. ಬೆಂಗಳೂರಿನ ಆಸ್ಪತ್ರೆ, ಹೆಸರು ಬೇಡ. ಇನ್ಶೂರೆನ್ಸ್ ಡೆಸ್ಕಿನವನು ಕಾರ್ಡ್ ತಿರುಗಿಸಿ ನೋಡಿ, “ಐದು ಲಕ್ಷದ ಪಾಲಿಸಿ ಇದೆಯಲ್ಲ ಮೇಡಂ, ಕ್ಯಾಶ್‌ಲೆಸ್ ಆಗತ್ತೆ, ಯೋಚ್ನೆ ಮಾಡ್ಬೇಡಿ” ಅಂದ. ಹತ್ತು ನಿಮಿಷದ ಕೆಲಸ. ಆಚೆ ಬಂದ್ರೆ ಬಿಲ್ಲು 11,400 ರೂಪಾಯಿ!

ಅದರಲ್ಲಿ ಕಾಪರ್-ಟಿ ಬೆಲೆ ಕೆಲವೇ ನೂರು. ಮಿಕ್ಕಿದ್ದು ಓ.ಟಿ. ಚಾರ್ಜು, ಸ್ಕ್ಯಾನು, ‘ಕನ್ಸ್ಯೂಮಬಲ್ಸ್’, ಡೇ-ಕೇರ್ ಬೆಡ್ಡು. ಬೆಡ್ಡಲ್ಲಿ ಮಲಗಿದ್ದೇ ಆ ಹತ್ತು ನಿಮಿಷ.

“ಆಗತ್ತೆ ಅಂದ್ರಲ್ಲ?”

“ಟ್ರೈ ಮಾಡೋಣ ಅಂದಿದ್ದು ಮೇಡಂ.”

ಟ್ರೈ ಅನ್ನೋ ಮಾತೇ ಬಂದಿರಲಿಲ್ಲ ಸ್ವಾಮಿ. ಹಿಂದೆ ಕ್ಯೂನಲ್ಲಿದ್ದೋರೆಲ್ಲ ಕಿವಿಗೊಟ್ಟು ನಿಂತಿದ್ರು, ಅದೊಂದು ಅವಮಾನ ಬೇರೆ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಉಪಾಯ: “ಹೆವಿ ಬ್ಲೀಡಿಂಗ್ ಅಂತ ಬರೆಸಿ ಕ್ಲೇಮ್ ಮತ್ತೆ ಕಳಿಸೋಣ, ದುಡ್ಡು ಬರಬಹುದು.” ಕಾಪರ್-ಟಿ ಹಾಕಿದ್ರೆ ಮೊದಲ ಕೆಲವು ತಿಂಗಳು ಬ್ಲೀಡಿಂಗ್ ಜಾಸ್ತಿನೇ ಆಗತ್ತೆ. ಬ್ಲೀಡಿಂಗ್ ಕಮ್ಮಿ ಮಾಡೋದು ಹಾರ್ಮೋನ್ ಇರೋ ಐಯುಡಿ (ಹೀಗೇ ಗರ್ಭಕೋಶದೊಳಗೆ ಇಡೋ ಸಾಧನ), ತಾಮ್ರದ್ದಲ್ಲ. ಇಷ್ಟೂ ಗೊತ್ತಿಲ್ದೆ ಸುಳ್ಳು ಬರೆಸೋಕೆ ಹೊರಟಿದಾರೆ. ಸುಳ್ಳು ಕಾರಣ ಕೊಟ್ಟು ಸಿಕ್ಕಿಬಿದ್ರೆ ಕ್ಲೇಮ್ ಅಲ್ಲ, ಪಾಲಿಸಿನೇ ಹೋಗತ್ತೆ, ಅವನ ಡೆಸ್ಕಿಗೇನೂ ಆಗಲ್ಲ.

ಇನ್ಶೂರೆನ್ಸ್ ಕಂಪನಿ ಉತ್ತರ ಒಂದೇ ಸಾಲು: ಎಕ್ಸ್‌ಕ್ಲೂಷನ್ ಕೋಡ್ 17, ಅಂದ್ರೆ ಪಾಲಿಸಿ ಕೊಡದಿರೋ ಖರ್ಚು. ನಿಮ್ಮ ಪಾಲಿಸಿ ಪುಸ್ತಕ ತೆಗೆದು ‘ಸ್ಟೆರಿಲಿಟಿ ಅಂಡ್ ಇನ್‌ಫರ್ಟಿಲಿಟಿ’ ಅನ್ನೋ ಕಡೆ ನೋಡಿ. ಬಂಜೆತನದ ಚಿಕಿತ್ಸೆ ಜೊತೆಗೇ ಯಾವುದೇ ಗರ್ಭನಿರೋಧಕ, ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲ ಹೊರಗೆ ಅಂತ ಸ್ಪಷ್ಟವಾಗಿದೆ. ಮಕ್ಕಳಾಗೋಕೂ ಕೊಡಲ್ಲ, ಆಗದಿರೋಕೂ ಕೊಡಲ್ಲ. ಐಆರ್‌ಡಿಎಐ (ಇನ್ಶೂರೆನ್ಸ್ ನಿಯಂತ್ರಕ ಸಂಸ್ಥೆ) ಗೊತ್ತುಮಾಡಿರೋ ಒಕ್ಕಣೆ ಅದು, ಹಾಗಾಗಿ ಕಂಪನಿ ಬದಲಾದ್ರೂ ಕೋಡ್ ನಂಬರ್ ಬದಲಾಗಲ್ಲ. ಡೆಸ್ಕಿನವನಿಗೆ ಇದು ದಿನಾ ಕಾಣೋ ಕೋಡು. ಗೊತ್ತಿಲ್ಲ ಅಂದ್ರೆ ನಂಬ್ತೀರಾ?

ಹೊಟ್ಟೆ ಉರಿಯೋದು ಎಲ್ಲಿ ಗೊತ್ತಾ? ಇದೇ ಕಾಪರ್-ಟಿ, ನಮ್ಮ ಅಜ್ಜಿಯರ ಬಾಯಲ್ಲಿ ‘ವಂಕಿ’, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಅದರಲ್ಲಿ ಎರಡು ಥರ: 380ಎ ಹತ್ತು ವರ್ಷಕ್ಕೆ, 375 ಐದು ವರ್ಷಕ್ಕೆ. ಬೇರೆ ಗರ್ಭನಿರೋಧಕಗಳು, ಮೂರು ತಿಂಗಳಿಗೊಂದು ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ, ಮಾಲಾ-ಎನ್ ಮಾತ್ರೆ ಎಲ್ಲವೂ ಪುಕ್ಕಟೆ. ಕಾಪರ್-ಟಿ ಯಾವ ದಿನ ಹಾಕ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನ ಕೇಳ್ಕೊಂಡು ಹೋಗಿ, ಎಲ್ಲಾ ಕಡೆ ದಿನಾ ಹಾಕಲ್ಲ.

ಪ್ರೈವೇಟೇ ಬೇಕು ಅಂದ್ರೆ ಒಟ್ಟು ಎಷ್ಟು ಅಂತ ಮೊದಲೇ ಬರೆಸ್ಕೊಳ್ಳಿ. ‘ಕ್ಯಾಶ್‌ಲೆಸ್’ ಅಂದ್ರೆ ಅಪ್ರೂವಲ್ ಕಾಗದ ಕೈಗೆ ಬರೋವರೆಗೂ ಒಳಗೆ ಕಾಲಿಡ್ಬೇಡಿ. ಹಾಕೋ ಮುಂಚೆ ಪ್ಯಾಕೆಟ್ ತೋರಿಸಿ ಅನ್ನಿ, 380ನೋ 375ನೋ ನೋಡಿ. ಮೇಲಿರೋ ಎಕ್ಸ್‌ಪೈರಿ ತಾರೀಖು ಅಷ್ಟರೊಳಗೆ ಹಾಕಬೇಕು ಅಂತ. ಒಳಗೆ ಇರೋ ಹತ್ತೋ ಐದೋ ವರ್ಷದ ಲೆಕ್ಕ ಶುರುವಾಗೋದು ಕಾಪರ್-ಟಿ ಹಾಕಿಸ್ಕೊಂಡ ದಿನದಿಂದ. ಪ್ಯಾಕೆಟ್ ಮೇಲಿನ ಸ್ಟಿಕರ್ ಕೇಳಿ ಇಸ್ಕೊಳ್ಳಿ.

ಇಲ್ಲಿ ಅದನ್ನೂ ಕೊಡಲಿಲ್ಲ. “ಫೈಲಲ್ಲಿರತ್ತೆ ಮೇಡಂ.” ಫೈಲ್ ಕಾಪಿ ಕೇಳಿದ್ರೆ, “200 ರೂಪಾಯಿ ಆಗತ್ತೆ.”