ಮೆಕ್ಕೆಜೋಳದ ಲದ್ದಿ ಹುಳುವಿಗೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ: ಎಲ್ಲಿ ಉಪಕಾರ, ಎಲ್ಲಿ ಅಪಾಯ

ಗೊಬ್ಬರದ ಅಂಗಡಿಯಲ್ಲಿ ನಿಂತು "ಜೋಳದ ಸುಳಿ ತಿನ್ನೋ ಹುಳಕ್ಕೆ ಏನಾದ್ರೂ ಕೊಡಿ" ಅಂದರೆ, ಹೆಚ್ಚಿನ ಕಡೆ ಮೊದಲು ಕೈಗೆ ಬರುವುದು ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಪೊಟ್ಟಣ. ಪ್ರೊಕ್ಲೇಮ್, ಇಎಂ-1 ಎಂದು ಹೆಸರುಗಳು ಹಲವು. ಒಳಗಿರುವ ವಿಷ ಒಂದೇ: ಎಸ್‌ಜಿ ಎಂದರೆ ನೀರಿನಲ್ಲಿ ಕರಗುವ ಸಣ್ಣ ಹರಳು, ಅದರಲ್ಲಿ ನೂರಕ್ಕೆ 5 ಭಾಗ ಎಮಾಮೆಕ್ಟಿನ್. ಆದ್ದರಿಂದ ಇದು ಯಾವುದೋ ಒಂದು ಕಂಪನಿಯ ವಿಮರ್ಶೆಯಲ್ಲ, ಆ ಔಷಧದ ವಿಮರ್ಶೆ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಬಿತ್ತಿದ ಮೂರರಿಂದ ಆರು ವಾರದೊಳಗೆ, ಹುಳ ಇನ್ನೂ ಚಿಕ್ಕದಿದ್ದಾಗ, ನೇರ ಸುಳಿಯೊಳಗೆ ಬಿದ್ದರೆ ಇದು ಕೊಟ್ಟ ದುಡ್ಡಿಗೆ ಮೋಸ ಮಾಡದ ಔಷಧ. ಸೂಲಂಗಿ (ಗಿಡದ ತುದಿಯ ಗಂಡು ಹೂ) ಹೊರಟ ಮೇಲೆ, ಅಥವಾ ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ, ಕೊಳ್ಳಲೇಬೇಡಿ.

ಲದ್ದಿ ಹುಳು, ಅಂದರೆ ಫಾಲ್ ಸೈನಿಕ ಹುಳು, ಅಮೆರಿಕ ಖಂಡದ್ದು. ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಕೃಷಿ ಕಾಲೇಜಿನ ಮೆಕ್ಕೆಜೋಳದಲ್ಲಿ. ಅದಕ್ಕೂ ಮುಂಚೆ ಈ ಬೆಳೆಗೆ ಔಷಧ ಹೊಡೆಯುವ ರೂಢಿಯೇ ಕಡಿಮೆ ಇತ್ತು. ಕಾಂಡ ಕೊರಕದ ಕಾಟವಿದ್ದರೂ ಬಹಳ ಜನ ಹಾಗೇ ಬಿಡುತ್ತಿದ್ದರು. ಹೊಸ ಹುಳ ಬಂದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಸುಳಿಗೆ ಸುರಿದದ್ದಾಯಿತು. ಆಮೇಲೆ ನೆಲೆ ನಿಂತ ಕೆಲವೇ ಔಷಧಗಳಲ್ಲಿ ಇದೂ ಒಂದು.

ಅಂಗಡಿಯವರು ಕೆಲವೊಮ್ಮೆ ಇದನ್ನು "ಜೈವಿಕ" ಎನ್ನುತ್ತಾರೆ. ಆ ಮಾತಿಗೆ ಒಂದು ಮೂಲವಿದೆ. ಜಪಾನಿನ ಮಣ್ಣಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ ತಯಾರಿಸುವ ಅವೆರ್‌ಮೆಕ್ಟಿನ್ ಎಂಬ ವಸ್ತುವಿನಿಂದ ಇದು ಬಂದದ್ದು. ಅದನ್ನು ಕಂಡುಹಿಡಿದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಆ ವಸ್ತುವನ್ನು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಬದಲಿಸಿದ ಮೇಲೆ ಸಿಗುವುದೇ ಎಮಾಮೆಕ್ಟಿನ್. ಬೇವಿನೆಣ್ಣೆಯ ಸಾಲಿನಲ್ಲಿ ಇಡುವ ವಸ್ತು ಇದಲ್ಲ. "ಜೈವಿಕ, ಏನೂ ಆಗಲ್ಲ" ಎಂಬ ಮಾತು ನಂಬಿ ಬರಿಗೈಯಲ್ಲಿ ಕಲಸಬೇಡಿ.

ಇದರ ಉಪಕಾರ ಲೆಕ್ಕದಲ್ಲೇ ಕಾಣುತ್ತದೆ. ಶಿಫಾರಸು ಲೀಟರಿಗೆ 0.4 ಗ್ರಾಂ. ಎಕರೆಗೆ 200 ಲೀಟರ್ ನೀರು ಹಿಡಿದರೆ 80 ಗ್ರಾಂ ಪುಡಿ, ಅದರಲ್ಲಿ ನಿಜವಾದ ವಿಷ ಬರೀ 4 ಗ್ರಾಂ. ಹಳೆಯ ಕೀಟನಾಶಕ ಕ್ಲೋರ್‌ಪೈರಿಫಾಸ್ 20 ಇಸಿಯನ್ನು (ನೂರಕ್ಕೆ 20 ಭಾಗ ವಿಷವಿರುವ ದ್ರವ) ಲೀಟರಿಗೆ 2 ಮಿ.ಲೀ. ಹಾಕಿದರೆ ಅಷ್ಟೇ ನೀರಿನಲ್ಲಿ ಸುಮಾರು 80 ಗ್ರಾಂ ವಿಷ ಹೊಲಕ್ಕೆ ಬೀಳುತ್ತದೆ. ಇಪ್ಪತ್ತು ಪಟ್ಟು ವ್ಯತ್ಯಾಸ. ಮೇಲಾಗಿ ಎಮಾಮೆಕ್ಟಿನ್ ಎಲೆಯ ಮೇಲ್ಮೈಯಲ್ಲಿ ಉಳಿದರೆ ಬಿಸಿಲಿಗೆ ಬೇಗ ಒಡೆಯುತ್ತದೆ. ಎಲೆಯ ಒಳಪದರಕ್ಕೆ ಇಳಿದದ್ದು ಮಾತ್ರ ಕೆಲವು ದಿನ ಉಳಿದು, ಎಲೆ ತಿಂದ ಹುಳುವನ್ನು ಕೊಲ್ಲುತ್ತದೆ. ಹಾಗಾಗಿ ಔಷಧ ಒಣಗಿದ ಮೇಲೆ ಎಲೆ ಮೇಲೆ ಓಡಾಡುವ ಗುಲಗಂಜಿ ಹುಳು, ಜೇಡದಂಥ ಬೆಳೆಯ ಮಿತ್ರರಿಗೆ ತಟ್ಟುವ ಪೆಟ್ಟು ಹಳೆಯ ಔಷಧಗಳಿಗಿಂತ ಕಡಿಮೆ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಮಣ್ಣಲ್ಲೂ ನೀರಲ್ಲೂ ಕೂತು ಏನು ಮಾಡಿತೆಂದು ಗಡಿಯ ಈಚೆ ದಕ್ಷಿಣ ಕನ್ನಡದವರಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಬೇಕಾಯಿತು. ಆ ಕಾಲದ ಔಷಧಗಳಿಗೆ ಹೋಲಿಸಿದರೆ ಇದು ನಿಜವಾದ ಮುನ್ನಡೆ.

ಆದರೆ ನಾಲ್ಕೇ ಗ್ರಾಂ ಸಾಕಾಗುತ್ತದೆ ಅಂದರೆ ಒಂದೊಂದು ಕಣವೂ ಅಷ್ಟು ತೀಕ್ಷ್ಣ ಎಂದರ್ಥ. ಹುಳುವಿಗೆ ಹೇಗೋ ಹಾಗೆಯೇ ಜೇನಿಗೆ, ಮೀನಿಗೆ, ರೇಷ್ಮೆ ಹುಳುವಿಗೆ.

ಹೊಡೆಯುವ ಮೊದಲು ಹೊಲ ನೋಡಬೇಕು. ಬದುವಿನಿಂದ ನೋಡಿದರೆ ಸಾಲದು. ಒಳಗೆ ಹೋಗಿ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ಎಣಿಸಿ. ಎಲೆಯ ಮೇಲೆ ಹಸಿರು ಕೆರೆದು ಹೋಗಿ, ಬೆಳಕಿಗೆ ಹಿಡಿದರೆ ಎಣ್ಣೆ ಕಾಗದದಂತೆ ಕಾಣುವ ಚಿಕ್ಕ ಚಿಕ್ಕ ಕಿಟಕಿಗಳಿದ್ದರೆ ಹುಳ ಮೊದಲ ಎರಡು ಹಂತದಲ್ಲಿದೆ; ಇದೇ ಸಕಾಲ. ಬಿಚ್ಚಿಕೊಂಡ ಎಲೆಯಲ್ಲಿ ಸಾಲು ತೂತು, ಸುಳಿಯಲ್ಲಿ ಒದ್ದೆ ಮರದಪುಡಿಯಂಥ ಹಿಕ್ಕೆ ತುಂಬಿದ್ದರೆ ಒಳಗಿರುವುದು ಬಲಿತ ಹುಳ. ಹೊರಗೆ ತೆಗೆದು ನೋಡಿದರೆ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಕ್ಕೆ ಇಟ್ಟ ನಾಲ್ಕು ಕಪ್ಪು ಚುಕ್ಕೆ ಕಾಣುತ್ತವೆ. ಆ ಹಿಕ್ಕೆಯೇ ಅದಕ್ಕೆ ಬಿರಡೆ. ಮೇಲಿಂದ ಎಷ್ಟು ಹೊಡೆದರೂ ಔಷಧ ಅದನ್ನು ದಾಟಿ ಕೆಳಗೆ ಇಳಿಯುವುದಿಲ್ಲ. "ಔಷಧ ಕೆಲಸ ಮಾಡಲಿಲ್ಲ" ಎಂಬ ದೂರು ಬಹುಪಾಲು ಹುಟ್ಟುವುದು ಇಲ್ಲೇ.

ಎಳೆ ಬೆಳೆಯಲ್ಲಿ ನೂರಕ್ಕೆ ಐದು ಗಿಡ ಕೆಟ್ಟಿದ್ದರೆ ಬೇವಿನ ಬೀಜದ ಕಷಾಯ ಶೇ 5, ಅಥವಾ 1500 ಪಿಪಿಎಂ ಬೇವಿನ ಔಷಧ ಲೀಟರಿಗೆ 5 ಮಿ.ಲೀ. ಸಾಕು, ಮೊಟ್ಟೆ ಗುಂಪು ಕಂಡರೆ ಅಲ್ಲೇ ಹಿಸುಕಿಬಿಡಿ. ಕೆಟ್ಟ ಗಿಡ ಹತ್ತನ್ನು ದಾಟಿದಾಗ ರಾಸಾಯನಿಕಕ್ಕೆ ಕೈ ಹಾಕಬಹುದು. ಮೊಣಕಾಲೆತ್ತರದ ಜೋಳ ನಾಲ್ಕೆಲೆ ಹರಿದರೂ ಚೇತರಿಸಿಕೊಳ್ಳುತ್ತದೆ, ನೋಡಿದ ಕೂಡಲೇ ಗಾಬರಿ ಬೀಳಬೇಡಿ. ಇನ್ನೊಂದು ಗುರುತು: ಮಳೆ ಮೋಡದ ದಿನಗಳಲ್ಲಿ ಸುಳಿಯೊಳಗೆ ಬಿಳಿ ಅಥವಾ ತಿಳಿಹಸಿರು ಹಿಟ್ಟು ಮೆತ್ತಿಕೊಂಡು, ಕಡ್ಡಿಯಂತೆ ಸೆಟೆದು ಸತ್ತ ಹುಳಗಳು ಸಿಗುತ್ತವೆ. ಅದು ಮೆಟಾರೈಜಿಯಂ ರೈಲಿ ಎಂಬ ಶಿಲೀಂಧ್ರದ ಕೆಲಸ. ನಮ್ಮ ಕಡೆ ನೊಮುರಿಯಾ ಎಂದೇ ಹೆಚ್ಚು ಪರಿಚಿತ. ಅಂಥ ಹುಳಗಳು ಎಲ್ಲೆಡೆ ಕಾಣುತ್ತಿದ್ದರೆ ಪೊಟ್ಟಣ ಒಡೆಯದೆ ನಾಲ್ಕು ದಿನ ಕಾಯಿರಿ.

ಅಳತೆಯಲ್ಲಿ ತಪ್ಪುವವರೇ ಹೆಚ್ಚು. 16 ಲೀಟರ್ ಪಂಪಿಗೆ ಬೇಕಾದದ್ದು 6.4 ಗ್ರಾಂ. ಚಮಚದಲ್ಲಿ, ಮುಚ್ಚಳದಲ್ಲಿ ಅಳೆದರೆ ಒಂದು ಪಂಪಿಗೆ 5, ಇನ್ನೊಂದಕ್ಕೆ 10 ಆಗುತ್ತದೆ. ತಕ್ಕಡಿಯೇ ಬೇಡದ ಒಂದು ದಾರಿ ಇದೆ. 100 ಗ್ರಾಂ ಪೊಟ್ಟಣ ಪೂರ್ತಿ 3 ಲೀಟರ್ 125 ಮಿ.ಲೀ. ನೀರಿನಲ್ಲಿ ಕರಗಿಸಿ. ಅದರಲ್ಲಿ 200 ಮಿ.ಲೀ. ಒಂದು ಪಂಪಿಗೆ ಹಾಕಿದರೆ ಸರಿಯಾಗಿ 6.4 ಗ್ರಾಂ ಆಗುತ್ತದೆ. ಇದು ಹದಿನೈದು ಪಂಪು ದಾಟಿ ಬರುತ್ತದೆ. ಒಂದು ಎಕರೆಯೇ ಇದ್ದರೆ ನೆರೆಯವರ ಜೊತೆ ಹಂಚಿಕೊಂಡು ಅದೇ ದಿನ ಮುಗಿಸಿ. ಕರಗಿಸಿದ್ದನ್ನು ಮರುದಿನಕ್ಕೆ ಇಡಬಾರದು. ಒಡೆದ ಪೊಟ್ಟಣದ ಪುಡಿಯೂ ಗಾಳಿಯ ತೇವಕ್ಕೆ ಗಂಟು ಕಟ್ಟುತ್ತದೆ.

ನೀರು ತಿಳಿಯಾಗಿರಲಿ. ಎಮಾಮೆಕ್ಟಿನ್ ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವ ವಸ್ತು, ಕೃಷಿಹೊಂಡದ ಕೆಂಪು ರಾಡಿ ನೀರಿನಲ್ಲಿ ಒಂದಷ್ಟು ಶಕ್ತಿ ಕೊಡದಲ್ಲೇ ಹೋಗುತ್ತದೆ. ಪಂಪು ಕಳೆನಾಶಕಕ್ಕೆ ಬಳಸಿದ್ದಾದರೆ ಸೋಪುಪುಡಿ ಹಾಕಿ ಮೂರು ಸಲ ತೊಳೆಯದೆ ಮುಟ್ಟಬೇಡಿ. ನಾಝಲ್ ಕೂಡ ಕಳೆನಾಶಕದ ಚಪ್ಪಟೆ ಫ್ಯಾನಿನದು ಬೇಡ, ಕೋನ್ ನಾಝಲ್ ಹಾಕಿ. ನಾಝಲಿನ ಬಾಯಿ ಸುಳಿಯ ಮೇಲೆ ಒಂದು ಗೇಣು ಎತ್ತರದಲ್ಲಿ, ಕೆಳಮುಖವಾಗಿ ಹಿಡಿಯಬೇಕು. ಸುಳಿಯೊಳಗೆ ನೀರು ನಿಂತು ಮಿನುಗುವಷ್ಟು ಬಿದ್ದರೆ ಸಾಕು, ಎಲೆಯೆಲ್ಲ ತೊಯ್ಯಬೇಕಿಲ್ಲ. ಹೀಗೆ ಹೊಡೆದರೆ ಎಳೆ ಬೆಳೆಗೆ ಎಕರೆಗೆ 200 ಲೀಟರ್ ಹಿಡಿಯುವುದೂ ಇಲ್ಲ, ಅಷ್ಟೂ ಔಷಧ ಉಳಿತಾಯ. ಹೊತ್ತು ಇಳಿದ ಮೇಲೆ ಹೊಡೆಯುವುದು ಎಲ್ಲ ರೀತಿಯಿಂದ ಲೇಸು: ಬಿಸಿಲು ಔಷಧವನ್ನು ಒಡೆಯುವುದಿಲ್ಲ, ಹುಳ ರಾತ್ರಿ ಮೇಲೆ ಬಂದು ತಿನ್ನುತ್ತದೆ, ಜೇನು ಗೂಡಿಗೆ ಮರಳಿರುತ್ತದೆ. ಮೂರ್ನಾಲ್ಕು ಗಂಟೆಯೊಳಗೆ ಮಳೆ ಬರುವ ಲಕ್ಷಣ ಇದ್ದರೆ ಆ ದಿನ ಬಿಡಿ.

ಹೊಡೆದ ಮರುದಿನ ಹುಳ ಇನ್ನೂ ಮಿಸುಕಾಡುತ್ತಿದ್ದರೆ ಅಂಗಡಿಗೆ ಓಡಬೇಡಿ. ಈ ಔಷಧ ನರಕ್ಕೆ ತಟ್ಟಿ ಮೊದಲು ಹುಳುವಿನ ಬಾಯಿ ಕಟ್ಟುತ್ತದೆ. ಕೆಲವೇ ಗಂಟೆಗಳಲ್ಲಿ ತಿನ್ನುವುದು ನಿಂತರೂ ಸಾಯಲು ಎರಡರಿಂದ ನಾಲ್ಕು ದಿನ ಬೇಕು. ನೋಡಬೇಕಾದದ್ದು ಹೊಸ ಹಿಕ್ಕೆ ಬೀಳುತ್ತಿದೆಯೇ ಎಂಬುದನ್ನು. ಒಣಗಿ ಕಂದಾಗಿದ್ದರೆ ಔಷಧ ಹತ್ತಿದೆ. ಇದು ತಿಳಿಯದೆ ಮೂರನೇ ದಿನವೇ ಪ್ರೊಫೆನೊಫಾಸ್-ಸೈಪರ್‌ಮೆಥ್ರಿನ್ ಮಿಶ್ರಣ ತಂದು ಮೇಲೆ ಹೊಡೆದರೆ, ಉಳಿದಿದ್ದ ಮಿತ್ರ ಕೀಟಗಳೂ ಹೋಗಿ ಸಸ್ಯಹೇನು, ನುಸಿ ಏಳುತ್ತವೆ.

ಈಗ ಕೇಡಿನ ಮಾತು. ಕರ್ನಾಟಕದಲ್ಲಿ ಮೊದಲು ಹೇಳಬೇಕಾದದ್ದು ರೇಷ್ಮೆ. ರೇಷ್ಮೆ ಹುಳುವೂ ಲದ್ದಿ ಹುಳುವಿನಂತೆ ಪತಂಗದ ಮರಿಯೇ. ಈ ಔಷಧಕ್ಕೆ ಎರಡರ ನಡುವೆ ಭೇದ ತಿಳಿಯದು. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ಜೋಳದ ಹೊಲಕ್ಕೆ ತಾಗಿಯೇ ಹಿಪ್ಪುನೇರಳೆ ಇರುತ್ತದೆ. ಗಾಳಿಗೆ ತೇಲಿದ ಹನಿ ಸೊಪ್ಪಿನ ಮೇಲೆ ಕೂತರೆ ಕಣ್ಣಿಗೆ ಕಾಣುವುದಿಲ್ಲ, ಸೊಪ್ಪು ಹಾಕಿದ ಮೇಲೆ ಹುಳುಮನೆಯ ತಟ್ಟೆಯಲ್ಲೇ ಗೊತ್ತಾಗುವುದು. ಅಲ್ಲಿ ಬೇವು, ನೊಮುರಿಯಾ ಪುಡಿ ಲೀಟರಿಗೆ 5 ಗ್ರಾಂ, ಕೈಯಿಂದ ಆರಿಸುವುದು ಮೇಲು. ಆದರೆ ನೊಮುರಿಯಾ ಶಿಲೀಂಧ್ರದ ಪುಡಿಯನ್ನೂ ಹಿಪ್ಪುನೇರಳೆ ಸೊಪ್ಪಿಗೆ ತಾಗಿಸಬಾರದು. ಡ್ರೋನ್ ಅಂತೂ ಅಲ್ಲಿ ಬೇಡವೇ ಬೇಡ.

ಎರಡನೆಯದು ನೀರು. ಮೀನಿಗೆ, ಅದಕ್ಕಿಂತ ಹೆಚ್ಚಾಗಿ ಸಿಗಡಿ, ಏಡಿ, ನೀರಿನ ಸಣ್ಣ ಜೀವಿಗಳಿಗೆ ಇದು ಕಡುವಿಷ. ನಾರ್ವೆ, ಸ್ಕಾಟ್ಲೆಂಡ್‌ಗಳಲ್ಲಿ ಸಾಕಿದ ಸಾಲ್ಮನ್ ಮೀನಿನ ಮೈಮೇಲಿನ ಹೇನು ಕೊಲ್ಲಲು ಇದನ್ನೇ ಮೇವಿನಲ್ಲಿ ಕೊಡುತ್ತಾರೆ. ಆ ಹೇನು ಸಿಗಡಿ-ಏಡಿಗಳ ಕುಲದ್ದು. ಕಡಲ ತಳದ ಸಿಗಡಿ-ಏಡಿಗಳಿಗೆ ತೊಂದರೆ ಎಂಬ ಕಳವಳ ಅಲ್ಲೂ ಇದೆ. ನಮ್ಮಲ್ಲಿ ಹೊಲದ ಮಣ್ಣು ಕೊಚ್ಚಿಕೊಂಡು ಹೋದಾಗ ಅದಕ್ಕೆ ಅಂಟಿದ ಔಷಧವೂ ಹೊಂಡಕ್ಕೆ, ಕೆರೆಗೆ ಇಳಿಯುತ್ತದೆ. ಹೊಂಡದ ಅಂಚಿನ ಐದಾರು ಸಾಲು ಹೊಡೆಯದೆ ಬಿಡಿ. ಹೊಂಡದಲ್ಲೇ ಪಂಪು ಮುಳುಗಿಸಿ ತುಂಬಿಸುವುದು, ತೊಳೆಯುವುದು ನಿಲ್ಲಲೇಬೇಕು.

ಮೂರನೆಯದು ಜೇನು. ಮೆಕ್ಕೆಜೋಳ ಗಾಳಿಗೆ ಪರಾಗ ಹಾರಿಸುವ ಬೆಳೆ, ಜೇನಿಗೂ ಇದಕ್ಕೂ ಏನು ಸಂಬಂಧ ಎನ್ನುವವರು ಸೂಲಂಗಿ ಬಿಚ್ಚಿದ ದಿನ ಬೆಳಿಗ್ಗೆ ಹೊಲಕ್ಕೆ ಹೋಗಲಿ. ತುಡುವೆ, ಹೆಜ್ಜೇನು, ಕೋಲ್ಜೇನು ಹಿಂಗಾಲಿಗೆ ಹಳದಿ ಉಂಡೆ ಕಟ್ಟಿಕೊಂಡು ಸೂಲಂಗಿಯಿಂದ ಸೂಲಂಗಿಗೆ ಹಾರುತ್ತಿರುತ್ತವೆ. ಹಸಿ ಔಷಧ ತಾಗಿದರೆ ಅವು ಉಳಿಯುವುದಿಲ್ಲ. ಸೂಲಂಗಿಯ ನಂತರ ಹೊಡೆದರೆ ಖರ್ಚು ಹುಟ್ಟುವುದೂ ಇಲ್ಲ, ಏಕೆಂದರೆ ಹುಳ ತೆನೆಯ ಸಿಪ್ಪೆಯೊಳಗೆ ಸೇರಿರುತ್ತದೆ.

ಹೊಡೆಯುವವರ ಮೈಯ ಮಾತೂ ಇದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುವಾಗ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಯವರು ತೀರಿಕೊಂಡರು. ಗಿಡ ಆಳೆತ್ತರ ಬೆಳೆದಿದ್ದರಿಂದ ಹನಿ ನೇರ ಮುಖಕ್ಕೇ ಬರುತ್ತಿತ್ತು. ಎದೆ ಮಟ್ಟ ದಾಟಿದ ಜೋಳದೊಳಗೂ ಸ್ಥಿತಿ ಅದೇ. ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಹಾಕಿ. ಗಾಳಿಗೆ ಎದುರಾಗಿ ನಡೆಯಬೇಡಿ. ಆರ್ಗನೋಫಾಸ್ಫರಸ್ (ಕ್ಲೋರ್‌ಪೈರಿಫಾಸ್ ಗುಂಪಿನ) ವಿಷಕ್ಕೆ ಅಟ್ರೋಪಿನ್ ಇದೆ, ಎಮಾಮೆಕ್ಟಿನ್‌ಗೆ ಅಂಥ ಪ್ರತ್ಯೌಷಧ ಇಲ್ಲ. ಲಕ್ಷಣ ನೋಡಿಯೇ ವೈದ್ಯರು ಚಿಕಿತ್ಸೆ ಕೊಡುತ್ತಾರೆ. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಪೊಟ್ಟಣ ಜೊತೆಗಿರಲಿ. ಎರಡು ಔಷಧ ಬೆರೆಸಿ ಹೊಡೆದಿದ್ದರೆ ಎರಡರದ್ದೂ.

ಒಂದೇ ಔಷಧವನ್ನು ಮತ್ತೆ ಮತ್ತೆ ಹೊಡೆದರೆ ಹುಳ ಒಗ್ಗಿಕೊಳ್ಳುತ್ತದೆ. ಒಂದು ಬೆಳೆಗೆ ಎಮಾಮೆಕ್ಟಿನ್ ಒಂದು ಸಲ, ಹೆಚ್ಚೆಂದರೆ ಎರಡು. ಇನ್ನೊಂದು ಬೇಕಾದರೆ ಬೇರೆ ಗುಂಪಿನದು: ಸ್ಪೈನೆಟೊರಾಮ್ 11.7 ಎಸ್‌ಸಿ ಲೀಟರಿಗೆ 0.5 ಮಿ.ಲೀ., ಅಥವಾ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ 0.4 ಮಿ.ಲೀ. ಹಿಕ್ಕೆಯೊಳಗೆ ಅಡಗಿದ ಬಲಿತ ಹುಳುವಿಗೆ ಇವು ಯಾವುವೂ ಸರಿಹೋಗವು. ಅದಕ್ಕೆ ವಿಷದ ಉಂಡೆಯೇ ಬೇಕು. 10 ಕೆ.ಜಿ. ಅಕ್ಕಿ ತೌಡು, 2 ಕೆ.ಜಿ. ಬೆಲ್ಲ, 2-3 ಲೀಟರ್ ನೀರು ಕಲಸಿ ಒಂದು ದಿನ ಹುಳಿಯಲು ಬಿಟ್ಟು, ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಎಂಬ ಕೀಟನಾಶಕ ಬೆರೆಸಿ ಸುಳಿಗೆ ಚಿಟಿಕೆ ಚಿಟಿಕೆ ಹಾಕುವುದು. ಥಯೋಡಿಕಾರ್ಬ್ ಮನುಷ್ಯರಿಗೆ ಎಮಾಮೆಕ್ಟಿನ್‌ಗಿಂತ ಅಪಾಯ. ಬೆಲ್ಲದ ವಾಸನೆಗೆ ನಾಯಿ, ಕೋಳಿ, ದನ ಬರುತ್ತವೆ. ಕೈಗವಸಿಲ್ಲದೆ ಕಲಸಬಾರದು, ಬದುವಿನ ಮೇಲೆ ಚೆಲ್ಲಬಾರದು.

ಕೊಳ್ಳುವಾಗ ಲೇಬಲ್ ಓದಿ. ನಿಮ್ಮ ಬೆಳೆಯ ಹೆಸರು ಅದರಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಇದೇ ಪೊಟ್ಟಣವನ್ನು ತರಕಾರಿಗೂ ಬಳಸುವವರಿಗೆ ಕೊಯ್ಲಿಗೆ ಮುಂಚಿನ ಕಾಯುವ ದಿನ ಮುಖ್ಯ: ಬದನೆ, ಎಲೆಕೋಸು, ಮೆಣಸಿನಕಾಯಿಗೆ 3 ದಿನ, ಬೆಂಡೆಗೆ 5, ತೊಗರಿ-ಕಡಲೆಗೆ 14. ಔಷಧ ಬಿದ್ದ ಜೋಳದ ಸೊಪ್ಪನ್ನು ಹದಿನೈದು ದಿನವಾದರೂ ದನಕ್ಕೆ ಹಾಕಬೇಡಿ. ಬ್ಯಾಚ್ ಸಂಖ್ಯೆ ಬರೆದ ಬಿಲ್ ಇಲ್ಲದೆ ಹಣ ಕೊಡಬೇಡಿ. ಔಷಧ ಕಳಪೆ ಎಂದು ದೂರು ಕೊಡಲು ಮುಖ್ಯ ಆಧಾರ ಅದೇ. ನೋಂದಣಿ ಸಂಖ್ಯೆಯೇ ಇಲ್ಲದ "ಜೈವಿಕ" ಬಾಟಲಿ ಒಂದೇ ರಾತ್ರಿಗೆ ಹುಳ ಬೀಳಿಸಿದರೆ ಖುಷಿಪಡಬೇಡಿ, ಅದರಲ್ಲಿ ಬೆರೆಸಿದ ರಾಸಾಯನಿಕ ಯಾವುದು, ಎಷ್ಟು ಎಂದು ಯಾರಿಗೂ ಗೊತ್ತಿರುವುದಿಲ್ಲ.

ಕೆಲಸ ಮುಗಿದ ಮೇಲೆ ಪಂಪನ್ನು ಮೂರು ಸಲ ತೊಳೆದು ಆ ನೀರನ್ನು ಅದೇ ಹೊಲದಲ್ಲಿ, ಹೊಂಡದಿಂದ ದೂರದ ಸಾಲುಗಳಿಗೇ ಬಿಡಿ. ಖಾಲಿ ಪೊಟ್ಟಣದ ಮೂಲೆಗಳಲ್ಲಿ ಪುಡಿ ಉಳಿದಿರುತ್ತದೆ. ಪೊಟ್ಟಣವನ್ನೂ ಪಂಪಿನ ನೀರಿನಲ್ಲೇ ತೊಳೆದು, ಕತ್ತರಿಸಿ, ಬಾವಿ-ಕಾಲುವೆಯಿಂದ ದೂರ ಆಳವಾಗಿ ಹೂಳಿ.