ಐದು ವರ್ಷದಿಂದ ಜಾರದ ಭುಜ: ಬ್ಯಾಂಕಾರ್ಟ್ ಕೀಹೋಲ್ ಸರ್ಜರಿ ಆದಮೇಲೆ

ಬಲಭುಜ ಮೊದಲ ಸಲ ಕೀಲು ತಪ್ಪಿದಾಗ ನನಗೆ 21 ವರ್ಷ. ವಾಲಿಬಾಲ್ ಆಡುವಾಗ ಬಿದ್ದೆ. ಮೂರು ವಾರ ಸ್ಲಿಂಗ್ ಹಾಕಿಕೊಂಡೆ, ವಾಸಿಯಾಯಿತು ಅಂದುಕೊಂಡೆ. ಆಮೇಲೆ ಮೂರು ವರ್ಷದಲ್ಲಿ ಆರು ಸಲ ಜಾರಿತು. ಕೊನೆಯ ಸಲ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ! ಅವತ್ತೇ ಸರ್ಜರಿಗೆ ಮನಸ್ಸು ಮಾಡಿದೆ. ಈಗ ಐದು ವರ್ಷ ಆಯಿತು, ಮತ್ತೆ ಜಾರಿಲ್ಲ.

ತೋಳಿನ ಮೂಳೆಯ ತಲೆ ಕೂರುವ ಭುಜದ ಬಟ್ಟಲಿನ ಸುತ್ತ ಲೇಬ್ರಮ್ ಅನ್ನುವ ಮೆತ್ತನೆಯ ಅಂಚು ಇರುತ್ತದೆ. ನನಗೆ ಅದು ಮುಂಭಾಗದಲ್ಲಿ ಕಿತ್ತುಬಂದಿತ್ತು. ಸಣ್ಣ ತೂತುಗಳಿಂದ ಕ್ಯಾಮೆರಾ ಬಿಟ್ಟು, ಮೂಳೆಗೆ ಆಂಕರ್ (ದಾರ ಹಿಡಿದಿಡುವ ಪುಟ್ಟ ಗೂಟ) ಕೂರಿಸಿ, ದಾರದಿಂದ ಅದನ್ನು ಮತ್ತೆ ಬಿಗಿದರು. ಬ್ಯಾಂಕಾರ್ಟ್ ಸರ್ಜರಿ ಅಂದರೆ ಇದೇ. ಮರುದಿನ ಮನೆಗೆ ಬಂದೆ.

ಎಮ್‌ಆರ್‌ಐ ಜೊತೆ ಸಿಟಿ ಸ್ಕ್ಯಾನ್ ಕೂಡ ಮಾಡಿಸಿದ್ದು ತುಂಬಾ ಒಳ್ಳೆಯದಾಯಿತು. ಪದೇ ಪದೇ ಜಾರಿದರೆ ಬಟ್ಟಲಿನ ಮೂಳೆಯೇ ಸವೆಯುತ್ತದೆ. ಶೇ. 20-25ರಷ್ಟು ಸವೆದಿದ್ದರೆ ಬರೀ ಹೊಲಿಗೆ ನಂಬುವ ಹಾಗಿಲ್ಲ. ಆಗ ಸಾಮಾನ್ಯವಾಗಿ ಲಟಾರ್ಜೆ ಮಾಡುತ್ತಾರೆ, ಅಂದರೆ ಪಕ್ಕದ ಮೂಳೆಯ ತುಂಡನ್ನು ತಂದು ಸ್ಕ್ರೂ ಹಾಕಿ ಕೂರಿಸುವುದು. ನನ್ನದು ಸ್ವಲ್ಪವೇ ಸವೆದಿತ್ತು. ನಿಮ್ಮ ಮೂಳೆ ಎಷ್ಟು ಹೋಗಿದೆ ಅಂತ ಡಾಕ್ಟರನ್ನು ಕೇಳದೆ ಒಪ್ಪಿಕೊಳ್ಳಬೇಡಿ. ಇನ್ನೂ 20 ದಾಟದವರಿಗೆ, ಮೈಗೆ ಮೈ ತಾಗುವ ಆಟ ಆಡುವವರಿಗೆ ಹೊಲಿಗೆ ಆದಮೇಲೂ ಮತ್ತೆ ಜಾರುವ ಸಾಧ್ಯತೆ ಜಾಸ್ತಿ.

ನೋವು ಎರಡು ವಾರದಲ್ಲಿ ಇಳಿಯಿತು. ಮತ್ತೆ ಒಂದು ತಿಂಗಳು ಸ್ಲಿಂಗ್‌ನಲ್ಲೇ ಇದ್ದೆ. ಶರ್ಟ್ ಹಾಕುವುದಕ್ಕೂ ಇನ್ನೊಬ್ಬರು ಬೇಕು. ನಾಲ್ಕನೇ ತಿಂಗಳಿಗೆ ಕೈ ತಲೆಯ ಮೇಲೆ ಹೋಯಿತು. ಆದರೆ ಚೆಂಡು ಎಸೆಯುವ ಭಂಗಿ ಇದೆ ಅಲ್ವಾ, ಮೊಣಕೈ ಮೇಲೆತ್ತಿ ಹಿಂದಕ್ಕೆ ತಿರುಗಿಸುವುದು, ಅಲ್ಲಿಗೆ ಬಂದರೆ ಮೈಯೆಲ್ಲ ಬಿಗಿಯುತ್ತಿತ್ತು. ಭುಜ ಗಟ್ಟಿಯಾಗಿದೆ ಅಂತ ಫಿಸಿಯೋ ಎಷ್ಟು ಹೇಳಿದರೂ ಕೈ ಕೇಳುತ್ತಿರಲಿಲ್ಲ. ಅವರು ಆತುರ ಮಾಡಲಿಲ್ಲ. ಮೊದಲು ಮಲಗಿಸಿ, ಕೈಯನ್ನು ತಾವೇ ಹಿಡಿದು, ದಿನಕ್ಕೊಂದಿಷ್ಟು ಹಿಂದಕ್ಕೆ ಬಿಟ್ಟರು. ಆಮೇಲೆ ಗೋಡೆಗೆ ಹಗುರವಾದ ಚೆಂಡು ಎಸೆಸಿದರು. ಭಯ ಬಿಡುವುದಕ್ಕೆ ಒಂಬತ್ತು ತಿಂಗಳು ಹಿಡಿಯಿತು. ಇದನ್ನು ಮುಂಚೆ ಯಾರೂ ಹೇಳಿರಲಿಲ್ಲ, ಹೇಳಬೇಕಿತ್ತು.

ಕೈ ಹೊರಕ್ಕೆ ತಿರುಗುವುದು ಇವತ್ತಿಗೂ ಎಡಗೈಯಷ್ಟು ಇಲ್ಲ. ಸ್ಮ್ಯಾಷ್ ಮೊದಲಿನ ಜೋರಿಗೆ ಬರುವುದಿಲ್ಲ. ಆದರೂ ಆಡುತ್ತೇನೆ, ಈಜುತ್ತೇನೆ. ರಬ್ಬರ್ ಬ್ಯಾಂಡ್ ವ್ಯಾಯಾಮ ವಾರಕ್ಕೆ ಎರಡು ದಿನ ಈಗಲೂ ಇದೆ. ಒಮ್ಮೆ ಎರಡು ತಿಂಗಳು ಬಿಟ್ಟಿದ್ದೆ, ಭುಜ ಸುಸ್ತಾದ ಹಾಗೆ ಎಳೆಯತೊಡಗಿತು. ಮತ್ತೆ ಶುರು ಮಾಡಿದ ಮೂರು ವಾರಕ್ಕೆ ಸರಿಹೋಯಿತು.